ಅಲ್ಲಿ ಮೀಟರ್ ನೋಡೋಕೆ ಯಾರೂ ಬರಲ್ಲ

ಭಾನುವಾರ ಮಧ್ಯಾಹ್ನ ಅಕ್ಕನ ಮಗಳು ಮ್ಯಾಂಚೆಸ್ಟರ್‌ನಿಂದ ಫೋನ್ ಮಾಡಿದ್ದಳು. "ಮಾಮಾ, ಕರೆಂಟ್ ಕಂಪನಿಯವರು ಸ್ಮಾರ್ಟ್ ಮೀಟರ್ ಹಾಕಿಸ್ಕೊಳ್ಳಿ ಅಂತ ಮೂರು ಸಲ ಮೇಲ್ ಕಳಿಸಿದಾರೆ. ಹಾಕಿಸ್ಲಾ, ಬೇಡ್ವಾ?"

ನಾನು ಆ ದೇಶದಲ್ಲಿ ಒಂಬತ್ತು ವರ್ಷ ಇದ್ದು ತುಮಕೂರಿಗೆ ವಾಪಸ್ ಬಂದವನು. ನಮ್ಮ ಕಡೆಯ ಮಕ್ಕಳು ಅಲ್ಲಿ ತುಂಬ ಜನ ಇದ್ದಾರೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸ್ಮಾರ್ಟ್ ಮೀಟರ್ ಅಂದರೆ ರೀಡಿಂಗನ್ನು ತಾನೇ ಕಂಪನಿಗೆ ಕಳಿಸುವ ಮೀಟರ್.

ಮೊದಲು ಒಂದು ವ್ಯತ್ಯಾಸ ತಿಳಿದಿರಲಿ. ಇಲ್ಲಿ ಎಸ್.ಎಸ್. ಪುರಂನ ನಮ್ಮ ಮನೆಗೆ ತಿಂಗಳಿಗೊಮ್ಮೆ ಬೆಸ್ಕಾಂನವರು ಬರುತ್ತಾರೆ, ಮೀಟರ್ ನೋಡುತ್ತಾರೆ, ಅಲ್ಲೇ ಬಿಲ್ ಹರಿದು ಕೊಡುತ್ತಾರೆ. ಬ್ರಿಟನ್‌ನಲ್ಲಿ ಹಾಗೆ ತಿಂಗಳು ತಿಂಗಳು ಯಾರೂ ಬಾಗಿಲು ತಟ್ಟುವುದಿಲ್ಲ. ಗ್ಯಾಸೂ ಅಲ್ಲಿ ಪೈಪಿನಲ್ಲಿ ಬರುತ್ತದೆ, ಅದಕ್ಕೂ ಮೀಟರ್ ಇರುತ್ತದೆ. ಹಳೇ ಮೀಟರ್ ಇದ್ದರೆ ರೀಡಿಂಗ್ ನೀವೇ ನೋಡಿ ಕಳಿಸಬೇಕು. ಕಳಿಸದಿದ್ದರೆ ಕಂಪನಿ ಅಂದಾಜಿನ ಮೇಲೆ ಬಿಲ್ ಮಾಡುತ್ತದೆ.

ಇದು ಗೊತ್ತಿಲ್ಲದೆ ನಾನು ಏಳು ತಿಂಗಳು ಸುಮ್ನೆ ಇದ್ದೆ. ಬ್ಯಾಂಕಿನಿಂದ ಪ್ರತಿ ತಿಂಗಳೂ ಒಂದೇ ಮೊತ್ತ ಹೋಗುತ್ತಿತ್ತು. ಅದನ್ನೇ ಬಿಲ್ ಅಂದುಕೊಂಡಿದ್ದೆ. ಅದು ಬಿಲ್ ಅಲ್ಲ, ಡೈರೆಕ್ಟ್ ಡೆಬಿಟ್. ವರ್ಷಕ್ಕೆ ಎಷ್ಟಾಗಬಹುದು ಅಂತ ಲೆಕ್ಕ ಹಾಕಿ ಹನ್ನೆರಡು ಪಾಲು ಮಾಡಿರುತ್ತಾರೆ. ಬೇಸಿಗೆಯಲ್ಲಿ ಜಾಸ್ತಿ ಕಟ್ಟಿದ್ದು ಚಳಿಗಾಲಕ್ಕೆ ಜಮಾ ಆಗುತ್ತದೆ. ನನ್ನ ವಿಷಯದಲ್ಲಿ ಅಂದಾಜೇ ಕಡಿಮೆ ಇತ್ತು. ಮಾರ್ಚ್‌ನಲ್ಲಿ ಮೊದಲ ಸಲ ರೀಡಿಂಗ್ ಕಳಿಸಿದೆ. ಬಾಕಿಯೆಲ್ಲ ಒಟ್ಟಿಗೆ ಬಂದು ತಲೆ ಮೇಲೆ ಬಿತ್ತು. ಜಗಳ ಆಡಿದೆ, ಪ್ರಯೋಜನ ಆಗಲಿಲ್ಲ. ಒಂದು ನಿಯಮ ಮಾತ್ರ ನೆನಪಿಡಿ. ತಪ್ಪು ಕಂಪನಿಯದೇ ಆಗಿದ್ದರೆ, 12 ತಿಂಗಳಿಗಿಂತ ಹಿಂದೆ ಬಳಸಿದ ಕರೆಂಟ್, ಗ್ಯಾಸಿಗೆ ಈಗ ದುಡ್ಡು ಕೇಳುವ ಹಾಗಿಲ್ಲ. ದೂರು ಕೊಟ್ಟು 8 ವಾರ ಆದರೂ ಬಗೆಹರಿಯದಿದ್ದರೆ ಎನರ್ಜಿ ಓಂಬುಡ್ಸ್‌ಮನ್ (ಇಂಥ ಕಂಪನಿಗಳ ಮೇಲಿನ ದೂರು ವಿಚಾರಿಸುವ ಸ್ವತಂತ್ರ ಸಂಸ್ಥೆ) ಹತ್ತಿರ ಹೋಗಬಹುದು. ನನ್ನದು ಏಳೇ ತಿಂಗಳು, ಅದೂ ನನ್ನದೇ ಸೋಮಾರಿತನ.

ಹೀಗಾಗಿ ಸ್ಮಾರ್ಟ್ ಮೀಟರ್‌ನಿಂದ ನಿಜವಾದ ಲಾಭ ಒಂದೇ ಅಂತ ನನ್ನ ಲೆಕ್ಕ. ರೀಡಿಂಗ್ ತಾನಾಗೇ ಹೋಗುತ್ತದೆ. ಹಣ ಉಳಿಯುತ್ತದೆ ಅನ್ನುವ ಜಾಹೀರಾತನ್ನು ಪೂರ್ತಿ ನಂಬಬೇಡಿ. ಮೀಟರ್ ಬದಲಾದ ಮಾತ್ರಕ್ಕೆ ಕರೆಂಟ್ ಕಡಿಮೆ ಓಡುವುದಿಲ್ಲ.

ಆದರೆ ಜೊತೆಗೆ ಎಷ್ಟು ಕರೆಂಟ್, ಗ್ಯಾಸ್ ಖರ್ಚಾಗುತ್ತಿದೆ ಅಂತ ತೋರಿಸುವ ಒಂದು ಪುಟ್ಟ ಡಿಸ್‌ಪ್ಲೇ ಕೊಡುತ್ತಾರೆ. ಅದು ತಮಾಷೆಯಾಗಿದೆ. ಮೊದಲ ವಾರ ನಾನು ಅದರ ಮುಂದೆಯೇ ಕೂತಿರುತ್ತಿದ್ದೆ. ಊರಿಂದ ಹೊತ್ತುಕೊಂಡು ಹೋದ ಗ್ರೈಂಡರ್ ಬಗ್ಗೆ ನನ್ನ ಹೆಂಡತಿಗೆ ಭಾರಿ ಚಿಂತೆ, ಇಡ್ಲಿ ಹಿಟ್ಟಿಗೆ ಎಷ್ಟು ಬಿಲ್ ಬರುತ್ತದೋ ಅಂತ. ಗ್ರೈಂಡರ್ 150 ವ್ಯಾಟ್. ಅರ್ಧ ಗಂಟೆ ರುಬ್ಬಿದರೆ ಒಂದು ಯೂನಿಟ್‌ನ ಹತ್ತನೇ ಒಂದು ಭಾಗವೂ ಆಗಲ್ಲ. ಬಚ್ಚಲಿನ ಎಲೆಕ್ಟ್ರಿಕ್ ಶವರ್ 9 ಕಿಲೋವ್ಯಾಟ್. ಹತ್ತು ನಿಮಿಷ ನಿಂತರೆ ಒಂದೂವರೆ ಯೂನಿಟ್! ನಾವು ಯೂನಿಟ್ ಅನ್ನುವುದನ್ನೇ ಅಲ್ಲಿ ಕಿಲೋವ್ಯಾಟ್ ಅವರ್ ಅಂತ ಬರೆದಿರುತ್ತಾರೆ. ಇಡ್ಲಿ ಬಚಾವಾಯಿತು, ನನ್ನ ಸ್ನಾನ ಮೊಟಕಾಯಿತು. ಆ ಡಿಸ್‌ಪ್ಲೇಯಲ್ಲಿ ಕರೆಂಟ್ ಲೆಕ್ಕ ಕೆಲವೇ ಸೆಕೆಂಡಿನಲ್ಲಿ ಬದಲಾಗುತ್ತದೆ, ಗ್ಯಾಸ್ ಲೆಕ್ಕ ಅರ್ಧ ಗಂಟೆಗೊಮ್ಮೆ. ಚಳಿಗಾಲದಲ್ಲಿ ದುಡ್ಡು ಹೋಗುವುದು ಮನೆ ಬಿಸಿ ಮಾಡುವ ಗ್ಯಾಸಿಗೇ.

"ದುಡ್ಡು ಎಷ್ಟು ಮಾಮಾ?" ಹಾಕಿಸುವಾಗ ಕೈಯಿಂದ ಏನೂ ಕೊಡಬೇಕಿಲ್ಲ. ಹಾಗಂತ ಪುಕ್ಕಟೆಯೂ ಅಲ್ಲ. ಅದರ ಖರ್ಚು ಎಲ್ಲರ ಬಿಲ್‌ನಲ್ಲೂ ಹಂಚಿಕೊಂಡು ಬರುತ್ತದೆ, ಹಾಕಿಸದವರ ಬಿಲ್‌ನಲ್ಲೂ. 2025ರಲ್ಲಿ ನಮ್ಮಲ್ಲಿ ಹೊಸ ಸಂಪರ್ಕಕ್ಕೆ ಸ್ಮಾರ್ಟ್ ಮೀಟರ್ ಕಡ್ಡಾಯ ಅಂದಾಗ ಬೆಲೆ ಬಗ್ಗೆ ಎಷ್ಟು ಗಲಾಟೆ ಆಯಿತು ನೋಡಿ. ಅಲ್ಲಿ ಆ ಬೆಲೆ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ.

ಅಲ್ಲಿ ಕಡ್ಡಾಯವೂ ಅಲ್ಲ. ಬೇಡ ಅನ್ನಬಹುದು, ದಂಡ ಇಲ್ಲ. ಹಳೇ ಮೀಟರ್‌ನ ಆಯಸ್ಸು ಮುಗಿದಿದ್ದರೆ ಮಾತ್ರ ಬದಲಾಯಿಸಲೇಬೇಕು. ಬಾಡಿಗೆ ಮನೆಯಾದರೆ ಬಿಲ್ ಯಾರ ಹೆಸರಿಗೆ ಬರುತ್ತದೆ ನೋಡಿ. ನಿಮ್ಮ ಹೆಸರಿಗೆ ಬಂದು ನೀವೇ ಕಟ್ಟುತ್ತಿದ್ದರೆ ಆಯ್ಕೆ ನಿಮ್ಮದು. ಆದರೂ ಬಾಡಿಗೆ ಕರಾರು ಒಮ್ಮೆ ಓದಿ, ಮಾಲೀಕರಿಗೆ ಒಂದು ಮಾತು ಹೇಳಿ. ಬಾಡಿಗೆಯಲ್ಲೇ ಕರೆಂಟ್ ಸೇರಿದ್ದರೆ ಆ ತಲೆನೋವು ಮಾಲೀಕರದು.

ಇನ್ನು ಹೊತ್ತಿಗೊಂದು ರೇಟ್ ಇರುವ ಟ್ಯಾರಿಫ್‌ಗಳು. ಇವಕ್ಕೆ ಸಾಮಾನ್ಯವಾಗಿ ಸ್ಮಾರ್ಟ್ ಮೀಟರ್ ಬೇಕೇ ಬೇಕು. ಕೆಲವದರಲ್ಲಿ ಅರ್ಧ ಗಂಟೆಗೊಂದು ರೇಟ್. ಗಾಳಿ ಜೋರಾಗಿ ಬೀಸಿ ಗಾಳಿಯಂತ್ರಗಳಿಂದ ಕರೆಂಟ್ ಜಾಸ್ತಿ ಬಂದು, ಬಳಸುವವರು ಕಡಿಮೆ ಇದ್ದಾಗ ರೇಟ್ ಸೊನ್ನೆಗಿಂತ ಕೆಳಗೂ ಹೋಗುವುದುಂಟು, ಅಂದರೆ ಬಳಸಿದ್ದಕ್ಕೆ ಅವರೇ ದುಡ್ಡು ಕೊಡುತ್ತಾರೆ. ಸಂಜೆ 4ರಿಂದ 7ರವರೆಗೆ ಜಾಸ್ತಿ ದುಬಾರಿ. ಎಲೆಕ್ಟ್ರಿಕ್ ಕಾರು ಇದ್ದು ರಾತ್ರಿ ಚಾರ್ಜ್ ಮಾಡುವವರಿಗೆ ಇದು ಹೇಳಿ ಮಾಡಿಸಿದ್ದು. ಆಫೀಸಿಂದ ಬಂದು ಆರು ಗಂಟೆಗೆ ಕರೆಂಟ್ ಒಲೆ ಮೇಲೆ ಮುದ್ದೆಗೆ ಎಸರು ಇಡುವವರಿಗೆ ನಷ್ಟ. ಅಕ್ಕನ ಮಗಳು ಎರಡನೇ ಪೈಕಿ. ಹಾಗಾಗಿ ಮೀಟರ್ ಹಾಕಿಸು, ಟ್ಯಾರಿಫ್ ಮಾತ್ರ ಈಗಿನದೇ ಇರಲಿ ಅಂದೆ. ಎರಡೂ ಬೇರೆ ಬೇರೆ ತೀರ್ಮಾನ, ಒಂದನ್ನು ಒಪ್ಪಿದರೆ ಇನ್ನೊಂದನ್ನೂ ಒಪ್ಪಬೇಕು ಅಂತಿಲ್ಲ.

ಭಯ ಪಡುವಂಥದ್ದು ಏನಾದರೂ ಇದೆಯಾ? ನೀವು ಮನೆಯಲ್ಲಿದ್ದೀರೋ ಇಲ್ಲವೋ ಅನ್ನುವುದು ಅರ್ಧ ಗಂಟೆಯ ಲೆಕ್ಕ ನೋಡಿದರೆ ಗೊತ್ತಾಗುತ್ತದೆ, ನಿಜ. ಬೇಡ ಅನಿಸಿದರೆ ದಿನಕ್ಕೊಮ್ಮೆ ಅಥವಾ ತಿಂಗಳಿಗೊಮ್ಮೆ ಮಾತ್ರ ಕಳಿಸಿ ಅಂತ ಕಂಪನಿಗೆ ಹೇಳಬಹುದು. ನನಗೆ ಅದಕ್ಕಿಂತ ಕಿರಿಕಿರಿ ಆಗಿದ್ದು ಸಿಗ್ನಲ್‌ನಿಂದ. ಮೀಟರ್ ನೆಲಮಾಳಿಗೆಯಲ್ಲೋ ದಪ್ಪ ಗೋಡೆ ಹಿಂದೆಯೋ ಇದ್ದರೆ ರೀಡಿಂಗ್ ಹೋಗದೆ ಇರಬಹುದು. ಆಗ ಮತ್ತೆ ಹಳೇ ಕಥೆ, ನೀವೇ ನೋಡಿ ಕಳಿಸಬೇಕು. ಹಳೇ ತಲೆಮಾರಿನ ಸ್ಮಾರ್ಟ್ ಮೀಟರ್‌ಗಳು ಕಂಪನಿ ಬದಲಾಯಿಸಿದ ಕೂಡಲೇ ಮಂಕಾಗುತ್ತಿದ್ದವು, ಅಂದರೆ ರೀಡಿಂಗ್ ತಾನಾಗೇ ಹೋಗುವುದು ನಿಲ್ಲುತ್ತಿತ್ತು. ಈಗ ಹಾಕುವ ಎರಡನೇ ತಲೆಮಾರಿನವಕ್ಕೆ ಆ ರೋಗ ಇಲ್ಲ.

ಹಾಕುವ ದಿನ ಮನೆಯಲ್ಲಿ ದೊಡ್ಡವರೊಬ್ಬರು ಇರಬೇಕು. ಒಂದೊಂದು ಮೀಟರ್‌ಗೆ ಸುಮಾರು ಒಂದು ಗಂಟೆ, ನಡುವೆ ಸ್ವಲ್ಪ ಹೊತ್ತು ಕರೆಂಟೂ ಗ್ಯಾಸೂ ಇರಲ್ಲ. ಬೆಳಿಗ್ಗೆಯೇ ಅಡುಗೆ ಮುಗಿಸಿಡಿ. ಅವರು ಹಳೇ ಮೀಟರ್ ಬಿಚ್ಚುವ ಮೊದಲು ಕೊನೇ ರೀಡಿಂಗ್‌ನ ಫೋಟೋ ತೆಗೆಯಿರಿ, ಕರೆಂಟಿನದೂ ಗ್ಯಾಸಿನದೂ. ಹಳೇ ಮೀಟರ್ ಹೋದ ಮೇಲೆ ನಿಮ್ಮ ಕೈಲಿರುವ ಸಾಕ್ಷಿ ಅದೊಂದೇ.

ಮೊನ್ನೆ ಬುಧವಾರ ಅವಳ ಮನೆಗೆ ಬಂದು ಹಾಕಿ ಹೋದರು. ಅದಕ್ಕೆ ಮೊದಲೇ ವಾಟ್ಸಾಪ್‌ನಲ್ಲಿ ಎರಡು ಫೋಟೋ ಬಂತು. ಗ್ಯಾಸಿನದು ಸರಿ ಇತ್ತು. ಕರೆಂಟಿನದರಲ್ಲಿ ಫ್ಲ್ಯಾಶ್ ಹೊಡೆದು ಅಂಕಿಗಳೇ ಕಾಣುತ್ತಿರಲಿಲ್ಲ. "ಬಿಚ್ಚೋಕೆ ಮುಂಚೆ ಇನ್ನೊಂದು ತೆಗಿಯೇ" ಅಂತ ತಕ್ಷಣ ಫೋನ್ ಮಾಡಿದೆ.