ಕೈಗೆ ಚುಚ್ಚಿದ್ದು ಮಂಡಿಗೆ ಹೋಗುತ್ತದಾ? ಎಕ್ಸೋಸೋಮ್ ದಾರಿ ಹುಡುಕುವುದು ಹೀಗೆ

ನಮ್ಮ ಶಿರಸಿ ಕಡೆ ಅರವತ್ತು ದಾಟಿದವರು ನಾಲ್ಕು ಜನ ಸೇರಿದರೆ ಮಂಡಿನೋವಿನ ಮಾತು ಬಂದೇ ಬರುತ್ತದೆ. ತೋಟದ ಏರು ಹತ್ತಿ ಇಳಿದ ಕಾಲುಗಳು, ಸುಮ್ನೆ ಬಿಡುತ್ತವೆಯೇ? ಈಗೀಗ ಆ ಮಾತಿಗೆ ‘ಎಕ್ಸೋಸೋಮ್ ಇಂಜೆಕ್ಷನ್’, ಅಂದರೆ ಜೀವಕೋಶಗಳು ಹೊರಬಿಡುವ ಪುಟ್ಟ ಚೀಲಗಳ ಚುಚ್ಚುಮದ್ದು, ಕೂಡ ಸೇರಿಕೊಂಡಿದೆ. ಕೈಗೆ ಚುಚ್ಚಿಸಿಕೊಂಡರೆ ಮಂಡಿನೋವು ಹೋಗುತ್ತದೆ ಎನ್ನುವ ವಿಡಿಯೊಗಳನ್ನು ಬೆಂಗಳೂರಿನಲ್ಲಿರುವ ಮಕ್ಕಳು ವಾಟ್ಸಾಪಿನಲ್ಲಿ ಕಳಿಸುತ್ತಾರೆ. ಅಂಥದ್ದೊಂದನ್ನು ನೋಡಿದ ನಮ್ಮ ಮಾವ ಕೇಳಿದ್ದು ಒಂದೇ ಪ್ರಶ್ನೆ: ‘ಕೈಗೆ ಚುಚ್ಚಿದ್ದು ಮಂಡಿಗೆ ಹೆಂಗೆ ಹೋಗ್ತು ತಮಾ?’ ಕೇಳಬೇಕಾದ ಪ್ರಶ್ನೆ ಅದೇ. ಒಂದು ಹಾಳೆಯಲ್ಲಿ ಮನುಷ್ಯನ ಚಿತ್ರ ಗೀಚಿಕೊಳ್ಳಿ, ಉತ್ತರ ನಾವೇ ಹುಡುಕೋಣ.

1. ಮೊದಲು ಅಳತೆ ಬರೆದುಕೊಳ್ಳಿ. ನಮ್ಮ ಜೀವಕೋಶಗಳು ಕೊಬ್ಬಿನ ಪೊರೆಯ ಪುಟ್ಟ ಚೀಲಗಳನ್ನು ಹೊರಗೆ ಬಿಡುತ್ತಲೇ ಇರುತ್ತವೆ. ಒಳಗೆ ಪ್ರೋಟೀನು, ಆರ್‌ಎನ್‌ಎ (ಕೋಶಕ್ಕೆ ಸೂಚನೆ ಒಯ್ಯುವ ಅಣು) ಇರುತ್ತವೆ. ಇವುಗಳಲ್ಲಿ ಎಕ್ಸೋಸೋಮ್ ಅನ್ನುವುದು ಸುಮಾರು 30ರಿಂದ 150 ನ್ಯಾನೊಮೀಟರ್. ನೂರು ನ್ಯಾನೊಮೀಟರಿನ ಚೀಲಗಳನ್ನು ಸಾಲಾಗಿ ಇಟ್ಟರೆ ಒಂದು ಮಿಲಿಮೀಟರಿಗೆ 10,000 ಬೇಕು. 1983ರಲ್ಲಿ ಕೆನಡಾ ಮತ್ತು ಅಮೆರಿಕದ ಎರಡು ತಂಡಗಳು, ಇನ್ನೂ ಬಲಿಯದ ಕೆಂಪು ರಕ್ತಕಣಗಳಲ್ಲಿ ಇವನ್ನು ಗುರುತಿಸಿದವು. ಕೋಶ ತನಗೆ ಬೇಡದ್ದನ್ನು ಆಚೆ ಹಾಕುತ್ತಿದೆ ಅಂತಲೇ ಬಹಳ ಕಾಲ ಅಂದುಕೊಂಡಿದ್ದರು. ಇವು ಒಂದು ಕೋಶದ ಆರ್‌ಎನ್‌ಎಯನ್ನು ಇನ್ನೊಂದು ಕೋಶಕ್ಕೆ ಮುಟ್ಟಿಸುತ್ತವೆ ಎಂದು 2007ರಲ್ಲಿ ಸ್ವೀಡನ್ನಿನ ತಂಡ ತೋರಿಸಿದ ಮೇಲೆ ಇವಕ್ಕೆ ಬೆಲೆ ಬಂತು.

2. ಈಗ ಕೈಯ ರಕ್ತನಾಳದಿಂದ ಗೆರೆ ಎಳೆಯಿರಿ. ಅದು ನೇರ ಮಂಡಿಗೆ ಹೋಗುವುದಿಲ್ಲ. ಹೃದಯದ ಬಲಭಾಗಕ್ಕೆ ಹೋಗಿ, ಶ್ವಾಸಕೋಶದ ಕೂದಲೆಳೆಗಿಂತ ಸಪೂರ ನಾಳಗಳನ್ನು ದಾಟಿ, ಹೃದಯದ ಎಡಕ್ಕೆ ಬಂದು, ಆಮೇಲೆ ಮೈಯೆಲ್ಲ ಹರಡಬೇಕು. ಕೆಲವು ಚೀಲಗಳು, ಅದರಲ್ಲೂ ಗುಂಪಾಗಿ ಅಂಟಿಕೊಂಡವು, ಶ್ವಾಸಕೋಶದಲ್ಲೇ ಸಿಕ್ಕಿಬೀಳುತ್ತವೆ.

3. ಲಿವರ್ ಮತ್ತು ಗುಲ್ಮಕ್ಕೆ (ಸ್ಪ್ಲೀನ್) ದಪ್ಪ ವೃತ್ತ ಹಾಕಿ. ಕಥೆಯ ಮುಖ್ಯ ಭಾಗ ಇಲ್ಲಿದೆ. ಇಲಿಗಳ ರಕ್ತನಾಳಕ್ಕೆ ಚುಚ್ಚಿ ನೋಡಿದಾಗ ಬಹಳಷ್ಟು ಸಲ ಜಾಸ್ತಿ ಚೀಲಗಳು ಸಿಕ್ಕಿದ್ದು ಈ ಎರಡು ಅಂಗಗಳಲ್ಲಿ. ರಕ್ತದಲ್ಲಿ ಅವು ಉಳಿಯುವುದು ಗಂಟೆಗಟ್ಟಲೆ ಅಲ್ಲ. 2013ರ ಒಂದು ಜಪಾನೀ ಪ್ರಯೋಗದಲ್ಲಿ ಅರ್ಧದಷ್ಟು ಖಾಲಿಯಾಗಲು ಸುಮಾರು ಎರಡು ನಿಮಿಷ ಸಾಕಾಯಿತು. ನುಂಗುವವರು ಯಾರು? ಮ್ಯಾಕ್ರೊಫೇಜ್ ಎಂಬ ಕಾವಲು ಕೋಶಗಳು. ಲಿವರಿನಲ್ಲಿರುವ ಇವಕ್ಕೆ ಕುಪ್ಫರ್ ಕೋಶ ಎಂಬ ಹೆಸರು. ಚೀಲದ ಹೊರಮೈಯಲ್ಲಿರುವ ಒಂದು ಬಗೆಯ ಕೊಬ್ಬನ್ನು ಇವು ‘ತಿನ್ನಬಹುದು’ ಎಂಬ ಗುರುತಾಗಿ ಓದುತ್ತವೆ. ಇಲಿಯಲ್ಲಿ ಈ ಕಾವಲು ಕೋಶಗಳನ್ನೇ ತೆಗೆದುಹಾಕಿದಾಗ ಚೀಲಗಳು ರಕ್ತದಲ್ಲಿ ಹೆಚ್ಚು ಹೊತ್ತು ಓಡಾಡಿದವು. ಸಿಡಿ47 ಎಂಬ ಪ್ರೋಟೀನು ಹೊರಮೈಯಲ್ಲಿದ್ದರೆ ಅದು ‘ನನ್ನನ್ನು ತಿನ್ನಬೇಡ’ ಅಂತ ಹೇಳಿದಂತೆ, ಸ್ವಲ್ಪ ಬಚಾವು.

ಶಿರಸಿಯಿಂದ ಕಾರವಾರದ ಬಸ್ಸು ತುಂಬಿಕೊಂಡು ಹೊರಟರೂ ಕುಮಟಾ, ಅಂಕೋಲಾದಲ್ಲೇ ಮುಕ್ಕಾಲು ಜನ ಇಳಿದುಬಿಟ್ಟ ಹಾಗೆ ಇದು. ಮಂಡಿಯ ಮೆದುಮೂಳೆಗಂತೂ ರಕ್ತನಾಳವೇ ಇಲ್ಲ, ಅಲ್ಲಿಗೆ ಬಸ್ಸೇ ಹೋಗುವುದಿಲ್ಲ.

4. ಸೂಜಿಯ ಜಾಗ ಬದಲಿಸಿ ನೋಡಿ. ದಾರಿಯೂ ಬದಲಾಗುತ್ತದೆ. 2015ರಲ್ಲಿ ಸ್ವೀಡನ್ನಿನ ಸಂಶೋಧಕರು ಇಲಿಗಳಲ್ಲಿ ಇದನ್ನೇ ಹೋಲಿಸಿದರು. ಚರ್ಮದಡಿಗೆ ಅಥವಾ ಹೊಟ್ಟೆಯ ಒಳಪೊಳ್ಳಿಗೆ ಚುಚ್ಚಿದಾಗ ಲಿವರಿಗೆ ಹೋದ ಪಾಲು ಕಡಿಮೆಯಾಯಿತು, ಮೇದೋಜೀರಕ ಗ್ರಂಥಿ ಮತ್ತು ಕರುಳಿನ ಪಾಲು ಹೆಚ್ಚಿತು. ಮೂಗಿಗೆ ಹನಿಸಿದ್ದು ಇಲಿಯ ಮಿದುಳು ಮುಟ್ಟಿದ್ದೂ ಉಂಟು. ಕೀಲಿನೊಳಗೇ ಚುಚ್ಚಿದರೆ ಈ ಸುತ್ತಾಟ ತಪ್ಪುತ್ತದೆ. ನೋವು ಕಡಿಮೆಯಾಗುತ್ತದೆಯೇ ಅನ್ನುವುದು ಬೇರೆಯೇ ಪ್ರಶ್ನೆ, ಎರಡನ್ನೂ ಬೆರೆಸಬೇಡಿ.

5. ಬಾಗಿಲ ತನಕ ಬಂದದ್ದು ಒಳಗೆ ಹೋಯಿತೇ ಎಂದೂ ಕೇಳಿ. ಕೋಶ ಚೀಲವನ್ನು ಎಳೆದುಕೊಂಡರೂ, ಬಹಳಷ್ಟು ಸಲ ಅದು ಲೈಸೊಸೋಮ್ ಎಂಬ ಅರೆಯುವ ಜಾಗಕ್ಕೆ ಹೋಗಿ ಕರಗುತ್ತದೆ. ಒಳಗಿನ ಸರಕು ಹೊರಬಂದು ಕೆಲಸ ಮಾಡುವುದು ಸ್ವಲ್ಪ ಮಾತ್ರ.

6. ‘ಹೋಗಿದ್ದನ್ನು ನೋಡಿದ್ದು ಹೇಗೆ?’ ಬಹಳ ಜನ ಬಿಟ್ಟುಬಿಡುವ ಹಂತ ಇದು, ನನಗಂತೂ ಅತಿ ಇಷ್ಟದ್ದು. ಚೀಲಗಳಿಗೆ ಹೊಳೆಯುವ ಬಣ್ಣ ಹಚ್ಚಿ ಕ್ಯಾಮೆರಾದಲ್ಲಿ ನೋಡುವುದು ಸುಲಭದ ದಾರಿ. ಆದರೆ ಚೀಲ ಒಡೆದುಹೋದ ಮೇಲೂ ಆ ಬಣ್ಣ ದಿನಗಟ್ಟಲೆ ಉಳಿಯುತ್ತದೆ. ಚೀಲಕ್ಕೆ ಅಂಟದ ಬಣ್ಣ ತಾನೇ ಸಣ್ಣ ಉಂಡೆಯಾಗಿ ಚೀಲದಂತೆ ನಟಿಸುತ್ತದೆ. ಹಾಗಾಗಿ ಫೋಟೊದಲ್ಲಿ ಅಂಗ ಬೆಳಗಿದ್ದಕ್ಕೆ ಚೀಲ ಅಲ್ಲಿದೆ ಎನ್ನುವಂತಿಲ್ಲ. ಬರೀ ಬಣ್ಣ ಚುಚ್ಚಿದ ಇನ್ನೊಂದು ಇಲಿಯ ಫೋಟೊ ಪಕ್ಕದಲ್ಲಿದ್ದರೆ ಮಾತ್ರ ನಂಬಬಹುದು. ವಿಕಿರಣದ ಗುರುತು ಹಾಕಿ ಪೆಟ್ ಸ್ಕ್ಯಾನಿನಲ್ಲಿ ನೋಡಿದರೆ ಲೆಕ್ಕ ಇನ್ನೂ ಗಟ್ಟಿ, ಆದರೂ ಗುರುತು ಚೀಲದಿಂದ ಕಳಚಿಲ್ಲ ಎಂದು ತೋರಿಸಬೇಕು. ಇನ್ನೊಂದು ಮಾತು, ಇದೆಲ್ಲ ಹೆಚ್ಚಾಗಿ ಇಲಿಯ ಲೆಕ್ಕ. ಇಪ್ಪತ್ತು ಇಪ್ಪತ್ತೈದು ಗ್ರಾಂ ತೂಗುವ ಪ್ರಾಣಿಯ ಅಳತೆ ಅರವತ್ತು ಕೆ.ಜಿ. ಮನುಷ್ಯನಿಗೆ ಹಾಗೇ ಹೊಂದುವುದಿಲ್ಲ, ಅಲ್ವಾ?

ಹಾಳೆ ತುಂಬಿದ ಮೇಲೆ ಅದನ್ನೇ ಹಿಡಿದು ಕ್ಲಿನಿಕ್ಕಿಗೆ ಹೋಗಿ. ಯಾವ ಕೋಶದಿಂದ ತೆಗೆದದ್ದು, ಎಲ್ಲಿಗೆ ಚುಚ್ಚುತ್ತೀರಿ, ಮನುಷ್ಯರಲ್ಲಿ ಪರೀಕ್ಷೆ ಆಗಿದೆಯೇ, ಯಾರು ಅನುಮತಿ ಕೊಟ್ಟಿದ್ದಾರೆ ಎಂದು ಕೇಳಿ. ಎಕ್ಸೋಸೋಮ್ ಹೆಸರಿನ ಯಾವ ಉತ್ಪನ್ನಕ್ಕೂ ತಾನು ಅನುಮತಿ ಕೊಟ್ಟಿಲ್ಲ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರ ಡಿಸೆಂಬರಿನಲ್ಲಿ ಜನರನ್ನು ಎಚ್ಚರಿಸಿತ್ತು. ಬ್ಯೂಟಿ ಪಾರ್ಲರಿನ ಎಕ್ಸೋಸೋಮ್ ಸೀರಂ ಆದರೆ ಬಾಟಲಿಯ ಲೇಬಲ್ ಓದಿ. ಹಚ್ಚಲು ಮಾತ್ರ ಎಂದಿದ್ದರೆ, ಅದನ್ನು ಸೂಜಿಯಲ್ಲಿ ತುಂಬಲು ಬಿಡಬೇಡಿ.