ಕವರ್ ಲೆಟರ್ ಬರೆಯುವ ಮುನ್ನ ಜಾಹೀರಾತು ಓದಿ

ಉದ್ಯೋಗದ ಅರ್ಜಿಯೊಂದಿಗೆ ಕಳುಹಿಸುವ ಕವರ್ ಲೆಟರ್‌ನಲ್ಲಿ ಅನೇಕರು ತಮ್ಮ ರೆಸ್ಯೂಮೆಯನ್ನೇ ವಾಕ್ಯಗಳಾಗಿ ಬಿಡಿಸಿ ಬರೆಯುತ್ತಾರೆ. ಓದುವವರಿಗೆ ಅದರಿಂದ ಹೊಸದೇನೂ ಸಿಗುವುದಿಲ್ಲ. ಅಭ್ಯರ್ಥಿ ಈವರೆಗೆ ಏನೇನು ಮಾಡಿದ್ದಾರೆಂದು ರೆಸ್ಯೂಮೆ ತಿಳಿಸುತ್ತದೆ. ಅದರಲ್ಲಿ ಯಾವುದು ಈ ಹುದ್ದೆಯ ಕೆಲಸಕ್ಕೆ ಒದಗುತ್ತದೆಂದು ಪತ್ರ ತೋರಿಸಬೇಕು.

ಆದ್ದರಿಂದ ಬರೆಯಲು ಕೂರುವ ಮುನ್ನ ಜಾಹೀರಾತನ್ನು ಎರಡು ಬಾರಿ ಓದಿ, ಕೇಳಿರುವ ಅರ್ಹತೆಗಳ ಪೈಕಿ ಅತಿ ಮುಖ್ಯವೆನಿಸುವ ಎರಡು ಮೂರನ್ನು ಗುರುತು ಮಾಡಿಕೊಂಡು, ಪ್ರತಿಯೊಂದರ ಎದುರು ನೀವು ನಿಜವಾಗಿ ಮಾಡಿದ ಒಂದು ಕೆಲಸವನ್ನು ಬರೆದಿಡಿ. ಬರೆಯಲು ಏನೂ ಇಲ್ಲವಾದರೆ ಆ ಅರ್ಹತೆಯ ಮಾತೆತ್ತದಿರುವುದೇ ಲೇಸು. ಲಿಯೊನಾರ್ಡೊ ಡ ವಿಂಚಿ ಸುಮಾರು 1482ರಲ್ಲಿ ಮಿಲಾನ್‌ನ ಆಡಳಿತಗಾರ ಲುಡೊವಿಕೊ ಸ್ಫೋರ್ಜಾನಲ್ಲಿ ಕೆಲಸ ಕೋರಿ ಸಿದ್ಧಪಡಿಸಿದ ಪತ್ರದ ಬಹುಭಾಗ ಹಗುರ ಸೇತುವೆ, ಫಿರಂಗಿಗಳಂಥ ಯುದ್ಧಸಾಧನಗಳಿಗೇ ಮೀಸಲಾಗಿತ್ತು. ಚಿತ್ರಕಲೆಯ ಪ್ರಸ್ತಾಪ ಬಂದದ್ದು ಕೊನೆಗೆ. ಓದುವವನಿಗೆ ಏನು ಬೇಕೆಂಬುದು ಆತನಿಗೆ ಗೊತ್ತಿತ್ತು.

ಪತ್ರವನ್ನು ಸಂಬಂಧಪಟ್ಟ ಅಧಿಕಾರಿಯ ಹೆಸರು ತಿಳಿದಿದ್ದರೆ ಹೆಸರಿಗೆ, ಇಲ್ಲವಾದರೆ ನೇಮಕಾತಿ ವಿಭಾಗದ ಮುಖ್ಯಸ್ಥರಿಗೆ ಬರೆಯಿರಿ. ಯಾವ ಹುದ್ದೆಗೆ ಅರ್ಜಿ, ಅದಕ್ಕೆ ನೀವು ಏಕೆ ತಕ್ಕವರು ಎಂಬುದು ಮೊದಲ ಎರಡು ವಾಕ್ಯಗಳಲ್ಲೇ ಬಂದುಬಿಡಲಿ.

ಪತ್ರದ ಜೀವ ಇರುವುದು ನಡುವಿನ ಭಾಗದಲ್ಲಿ. ‘ನಾನು ಶ್ರಮಜೀವಿ, ಎಲ್ಲರೊಂದಿಗೆ ಹೊಂದಿಕೊಂಡು ಹೋಗುತ್ತೇನೆ’ ಎಂದು ಯಾರು ಬೇಕಾದರೂ ಬರೆಯಬಹುದು. ‘ದಾಸ್ತಾನಿನ ಲೆಕ್ಕವನ್ನು ಪುಸ್ತಕದಿಂದ ಕಂಪ್ಯೂಟರ್‌ಗೆ ತಂದ ಬಳಿಕ, ಮೂರು ದಿನ ಹಿಡಿಯುತ್ತಿದ್ದ ತಿಂಗಳ ಕೊನೆಯ ತಾಳೆ ಒಂದೇ ದಿನದಲ್ಲಿ ಮುಗಿಯತೊಡಗಿತು’ ಎಂಬ ವಾಕ್ಯವನ್ನು ಆ ಕೆಲಸ ಮಾಡಿದವರು ಮಾತ್ರ ಬರೆಯಬಲ್ಲರು, ಸಂದರ್ಶನದಲ್ಲಿ ಕೆದಕಿ ಕೇಳಿದರೂ ವಿವರಿಸಬಲ್ಲರು. ಅನುಭವವಿಲ್ಲದ ಹೊಸಬರು ಕಾಲೇಜಿನ ಪ್ರಾಜೆಕ್ಟನ್ನೋ ತರಬೇತಿಯ ಅವಧಿಯಲ್ಲಿ ಮಾಡಿದ ಕೆಲಸವನ್ನೋ ಹೀಗೆಯೇ ಬಳಸಿಕೊಳ್ಳಬಹುದು. ಉದ್ಯೋಗದಲ್ಲಿ ದೀರ್ಘ ವಿರಾಮವಿದ್ದರೆ ಅದರ ಕಾರಣಕ್ಕೆ ಒಂದು ವಾಕ್ಯ ಸಾಕು. ಹಿಂದಿನ ಮಾಲೀಕರ ಮೇಲಿನ ದೂರಿಗೆ ಇಲ್ಲಿ ಜಾಗವಿಲ್ಲ. ಕೇಳದ ಹೊರತು ಸಂಬಳದ ನಿರೀಕ್ಷೆಯನ್ನೂ ಬರೆಯಬೇಡಿ.

ಸಂದರ್ಶನಕ್ಕೆ ಸಿದ್ಧರಿದ್ದೀರೆಂದು ತಿಳಿಸಿ ಮುಗಿಸಿ. ಇಡೀ ಪತ್ರ ಒಂದು ಪುಟ ದಾಟದಿರಲಿ. ಹಳೆಯ ಪತ್ರವನ್ನೇ ತಿದ್ದಿ ಬಳಸುವವರಂತೂ ಕಳುಹಿಸುವ ಮುನ್ನ ಒಮ್ಮೆ ಗಟ್ಟಿಯಾಗಿ ಓದಿಕೊಳ್ಳಬೇಕು, ಏಕೆಂದರೆ ಹಿಂದೆ ಅರ್ಜಿ ಹಾಕಿದ್ದ ಕಂಪನಿಯ ಹೆಸರು ಯಾವುದೋ ಸಾಲಿನಲ್ಲಿ ಹಾಗೆಯೇ ಉಳಿದಿರುತ್ತದೆ.