ದೀಪವನ್ನು ಮರೆಮಾಡಿದ ಚಿತ್ರ: ರೆಂಬ್ರಾಂಟನ ‘ಎಮ್ಮಾಹುವಿನ ಊಟ’ವನ್ನು ನಕಲು ಮಾಡಿದ ಬಗೆ

ಡಚ್ ಚಿತ್ರಕಾರ ರೆಂಬ್ರಾಂಟ್ ತನ್ನ ಹುಟ್ಟೂರು ಲೈಡನ್ನಿನಲ್ಲಿದ್ದಾಗಲೇ, 1629ರ ಸುಮಾರಿಗೆ ಬರೆದ ಚಿತ್ರವಿದು. ಹಲಗೆಗೆ ಅಂಟಿಸಿದ ಕಾಗದದ ಮೇಲೆ ತೈಲವರ್ಣ. ಉದ್ದಗಲ 40 ಸೆಂ.ಮೀ. ಆಸುಪಾಸು. ಈಗ ಪ್ಯಾರಿಸ್ಸಿನ ಜಾಕ್ಮಾರ್-ಆಂದ್ರೆ ಸಂಗ್ರಹಾಲಯದಲ್ಲಿದೆ. ಬೈಬಲ್ಲಿನ ಲೂಕನ ಸುವಾರ್ತೆಯ 24ನೇ ಅಧ್ಯಾಯದಲ್ಲಿ, ಸತ್ತು ಮತ್ತೆ ಎದ್ದುಬಂದ ಯೇಸು ಎಮ್ಮಾಹು ಎಂಬ ಊರಿನಲ್ಲಿ ರೊಟ್ಟಿ ಮುರಿದಾಗ ಶಿಷ್ಯರಿಗೆ ಅವನ ಗುರುತು ಹತ್ತುತ್ತದೆ. ರೆಂಬ್ರಾಂಟ್ ಆ ಮುಖವನ್ನೇ ಕತ್ತಲಲ್ಲಿಟ್ಟ. ದೀಪ ಯೇಸುವಿನ ಹಿಂದೆ ಮರೆಯಾಗಿದೆ. ಬೆಳಕೆಲ್ಲ ಗೋಡೆಗೆ ಮತ್ತು ಬೆದರಿ ಹಿಂದೆ ಸರಿದ ಶಿಷ್ಯನ ಮೋರೆಗೆ.

ಇದನ್ನು ನಕಲು ಮಾಡಲು ಪ್ಲೈವುಡ್ಡಿಗೆ 3 ಕೋಟ್ ಜೆಸ್ಸೊ (ಬಣ್ಣ ಹಿಡಿಯಲು ಹಚ್ಚುವ ಬಿಳಿ ತಳಲೇಪ) ಕೊಟ್ಟು, ಉಜ್ಜಿ ನುಣುಪು ಮಾಡಿ, ರಾ ಅಂಬರ್ ಎಂಬ ಕಂದು ಮಣ್ಣುಬಣ್ಣವನ್ನು ಟರ್ಪೆಂಟೈನಿನಲ್ಲಿ ತೆಳುವಾಗಿಸಿ ಪೂರ್ತಿ ಬಳಿದೆ. ಅದು ಹಸಿಯಿರುವಾಗಲೇ ಗೋಡೆಯಲ್ಲಿ ಬೆಳಕು ಬೀಳುವ ಕಡೆಯ ಬಣ್ಣವನ್ನು ಹತ್ತಿಬಟ್ಟೆಯಿಂದ ಒರೆಸಿ ತೆಗೆದೆ. ಬಿಳಿ ಬಣ್ಣ ಸೋಕುವ ಮೊದಲೇ ಬೆಳಕು-ಕತ್ತಲಿನ ನಾಟಕ ಇಲ್ಲಿ ಕಾಣಬೇಕು. ಕಾಣದಿದ್ದರೆ ಮತ್ತೆ ಬಳಿದು ಒರೆಸುವುದೇ ಲೇಸು.

ಬೆಳಕು-ಕತ್ತಲನ್ನು ಅಳೆಯಲು ಬಿಳಿಯಿಂದ (1) ಕಪ್ಪಿನವರೆಗೆ (9) 9 ಮೆಟ್ಟಿಲು ಇಟ್ಟುಕೊಂಡೆ. ಯೇಸುವಿನ ಮುಖದ ಅಂಚಿಗೆ ತಾಗಿದ ಗೋಡೆ 2, ಶಿಷ್ಯನ ಮೋರೆ 3, ಹಿಂದಿನ ಅಡುಗೆಮನೆಯ ಬೆಳಕು 5, ಕೆಳಗೆ ಮಂಡಿಯೂರಿದ ಇನ್ನೊಬ್ಬ ಶಿಷ್ಯ 8, ನೆಲ 9. ಅಡುಗೆಮನೆಯ ಬೆಳಕನ್ನು ಚೆಂದವೆಂದು ಸ್ವಲ್ಪ ಏರಿಸಿದರೂ ಸಾಕು, ಕಣ್ಣು ಅತ್ತಲೇ ಓಡುತ್ತದೆ.

ಕಷ್ಟವಿರುವುದು ಕತ್ತಲಲ್ಲಿ. ಐವರಿ ಬ್ಲ್ಯಾಕ್ ಎಂಬ ಕಪ್ಪು ಬಣ್ಣ ಒಂದನ್ನೇ ಹಚ್ಚಿದರೆ ನೆರಳು ತಣ್ಣಗಾಗಿ, ಫಲಕದಲ್ಲಿ ತೂತು ಬಿದ್ದಂತೆ ಕಾಣುತ್ತದೆ. ನಾನು ಬೆರೆಸಿದ್ದು ಬರ್ಂಟ್ ಅಂಬರ್ (ಸುಟ್ಟ ಅಂಬರ್) 2 ಪಾಲು, ಕಪ್ಪು 1 ಪಾಲು. ತೆಳುವಾಗಿ, ಕೆಳಗಿನ ಕಂದು ಇಣುಕುವಂತೆ. ಅಂಬರಿನಲ್ಲಿ ಮ್ಯಾಂಗನೀಸ್ ಇರುವುದರಿಂದ ಬೇಗ ಒಣಗುತ್ತದೆ, ಕಪ್ಪು ನಿಧಾನ. ದಪ್ಪ ಕಪ್ಪಿನ ಮೇಲೆ ಅಂಬರ್ ಹಚ್ಚಿದರೆ ಮೇಲ್ಪದರ ಮೊದಲು ಗಟ್ಟಿಯಾಗಿ, ಆಮೇಲೆ ಬಿರುಕು ಬಿಡುತ್ತದೆ. ಇನ್ನೊಂದು ತೊಡಕು: ಒಣಗಿದ ಅಂಬರ್ ಹೊಳಪು ಕಳೆದುಕೊಂಡು ಬೂದುಬೂದಾಗುತ್ತದೆ, 8 ಯಾವುದು, 9 ಯಾವುದು ತಿಳಿಯುವುದಿಲ್ಲ. ಮುಟ್ಟಿದರೆ ಅಂಟದಷ್ಟು ಒಣಗಿದ ಮೇಲೆ, ಲಿನ್ಸೀಡ್ ಎಣ್ಣೆಗೆ ಅಷ್ಟೇ ಟರ್ಪೆಂಟೈನ್ ಸೇರಿಸಿ ಬಟ್ಟೆಯಲ್ಲಿ ತೆಳ್ಳಗೆ ಸವರಿ, ಹೆಚ್ಚಾದದ್ದನ್ನು ಒರೆಸಿಬಿಟ್ಟರೆ ನಿಜವಾದ ಬಣ್ಣ ಮರಳುತ್ತದೆ.

ಗೋಡೆಗೆ ಮಾತ್ರ ದಪ್ಪ ಬಣ್ಣ. ಆ ಕಾಲದವರು ಬಳಸುತ್ತಿದ್ದ ಸೀಸದ ಬಿಳಿ ವಿಷ; ನನ್ನದು ಟೈಟೇನಿಯಂ ವೈಟ್. ಇದು ಸುಣ್ಣದಂತೆ ಬೆಳ್ಳಗಾಗುವ ಕಾರಣ ಯೆಲ್ಲೋ ಆಕರ್ ಎಂಬ ಹಳದಿ ಮಣ್ಣುಬಣ್ಣ ಧಾರಾಳವಾಗಿಯೇ ಬೇಕು. ಯೇಸುವಿನ ಹಣೆ, ಮೂಗು, ಗಡ್ಡದ ಅಂಚು ಚೂಪಾಗಿರಲಿ. ಗೋಡೆಯ ಬಣ್ಣವನ್ನು ಹೊರಗಿನಿಂದ ಒಳಗೆ ತಂದು ಈ ಅಂಚನ್ನು ಕತ್ತರಿಸಿದೆ. ಒಳಗಿನಿಂದ ಕಪ್ಪು ಗೆರೆ ಎಳೆದರೆ ಕಾಗದ ಕತ್ತರಿಸಿ ಅಂಟಿಸಿದ ಬೊಂಬೆಯಾಗುತ್ತದೆ. ಮೈಯ ಕೆಳಭಾಗದ ಅಂಚನ್ನು ಒಣ ಕುಂಚದಿಂದ ಕತ್ತಲಿಗೆ ಬೆರೆಸಿಬಿಡಬೇಕು.

ಪುಸ್ತಕದ ಅಚ್ಚುಗಳಲ್ಲಿ ಮಂಡಿಯೂರಿದ ಶಿಷ್ಯ ಸಾಮಾನ್ಯವಾಗಿ ಕಾಣುವುದೇ ಇಲ್ಲ, ಅವುಗಳನ್ನು ನಂಬಿ ನೆರಳು ಹಾಕಬೇಡಿ. ವಾರ್ನಿಶ್‌ಗೆ 6 ತಿಂಗಳಾದರೂ ಕಾಯಿರಿ. ಅದು ಬಿದ್ದೊಡನೆ ಕತ್ತಲು ಇನ್ನಷ್ಟು ಆಳಕ್ಕಿಳಿಯುತ್ತದೆ. ಹಾಗಾಗಿ ಆ ಶಿಷ್ಯನನ್ನು ಮೊದಲೇ ಬೇಕಾದುದಕ್ಕಿಂತ ಅರ್ಧ ಮೆಟ್ಟಿಲು ತಿಳಿಯಾಗಿ ಇಟ್ಟುಕೊಳ್ಳುವುದು ಒಳ್ಳೆಯದು.